ಅಮೆರಿಕದ ಪಬ್ಲಿಕ್ ಸ್ಕೂಲಿನ ಗೋಡೆ ಮೇಲೆ ಧರ್ಮದ ಪೋಸ್ಟರ್ ಕಂಡರೆ ಏನು ಮಾಡಬೇಕು

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಶೂ ಬಿಚ್ಚುತ್ತಾ ಕೇಳಿದಳು: "ಅಮ್ಮಾ, ಮೂರ್ತಿ ಮಾಡಬಾರದಂತೆ. ನಮ್ಮ ಮನೆ ಗಣಪತಿ ತಪ್ಪಾ?" ಆಗಷ್ಟೇ ಓದಲು ಕಲಿತಿದ್ದಳು, ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಳು. ಕ್ಲಾಸಿನ ಗಡಿಯಾರದ ಕೆಳಗೆ ತೂಗುಹಾಕಿದ್ದ, ಬೈಬಲಿನ ಹತ್ತು ಆಜ್ಞೆಗಳ ಪೋಸ್ಟರನ್ನೂ ಓದಿದ್ದಳು. ಮೂರ್ತಿ ಮಾಡಬಾರದು ಎನ್ನುವುದು ಅದರಲ್ಲೇ ಇದೆ. ನಾನು ಅದೇ ರಾತ್ರಿ ಕೋಪದಲ್ಲಿ ಟೀಚರಿಗೆ ಉದ್ದದ ಮೇಲ್ ಬರೆದು ಕಳಿಸಿಬಿಟ್ಟೆ. ಅದನ್ನು ಹಾಕಿದ್ದು ಅವರಲ್ಲ, ಮೇಲಿಂದ ಬಂದ ಆದೇಶ ಎಂದು ಆಮೇಲೆ ಗೊತ್ತಾಯಿತು. ಅವರ ಮನಸ್ಸು ನೊಂದಿತು, ನಮ್ಮ ಕೆಲಸವೂ ಆಗಲಿಲ್ಲ. ಇಲ್ಲಿ ಮಕ್ಕಳನ್ನು ಪಬ್ಲಿಕ್ ಸ್ಕೂಲಿಗೆ, ಅಂದರೆ ಸರ್ಕಾರಿ ಶಾಲೆಗೆ, ಕಳಿಸುವ ಕನ್ನಡದ ಅಪ್ಪ ಅಮ್ಮಂದಿರು ನನ್ನ ಹಾಗೆ ಶುರುಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಹೇಳುತ್ತಿರುವುದು ಸ್ಕೂಲಾ, ಇಲ್ಲ ಒಬ್ಬ ವಿದ್ಯಾರ್ಥಿಯಾ? ಅರ್ಧ ಉತ್ತರ ಇಲ್ಲೇ ಇದೆ. ಮಗು ಕೊರಳಲ್ಲಿ ಶಿಲುಬೆ ಹಾಕಿಕೊಂಡು ಬಂದರೆ, ಊಟಕ್ಕೆ ಮೊದಲು ತಾನಾಗಿ ಪ್ರಾರ್ಥನೆ ಮಾಡಿದರೆ ಅದು ಆ ಮಗುವಿನ ಹಕ್ಕು. ನಮ್ಮ ಮಗುವಿನ ಕುಂಕುಮ, ದಾರ, ಸಿಖ್ ಹುಡುಗ ತಲೆಗೆ ಕಟ್ಟುವ ಪಟ್ಕಾ, ಮುಸ್ಲಿಂ ಹುಡುಗಿಯ ಹಿಜಾಬ್ ಉಳಿದಿರುವುದೂ ಅದೇ ಹಕ್ಕಿನಿಂದ. ಅದಕ್ಕೆ ಯಾವತ್ತೂ ಕೈ ಹಾಕಬೇಡಿ. ಹೈಸ್ಕೂಲಿನಲ್ಲಿ ಪಾಠಕ್ಕೆ ಸಂಬಂಧಪಡದ ಒಂದು ಕ್ಲಬ್ಬಿಗೆ ಜಾಗ ಕೊಟ್ಟರೆ ಬೈಬಲ್ ಕ್ಲಬ್ಬಿಗೂ, ಹಿಂದೂ ಕ್ಲಬ್ಬಿಗೂ ಕೊಡಬೇಕು ಎನ್ನುತ್ತದೆ 1984ರ ಈಕ್ವಲ್ ಆಕ್ಸೆಸ್ ಆ್ಯಕ್ಟ್. ಆದರೆ ಸ್ಕೂಲೇ ಗೋಡೆಗೆ ಹಾಕಿದ್ದು, ಟೀಚರ್ ಹೇಳಿಸಿದ್ದು, ಮೈಕಿನಲ್ಲಿ ಓದಿಸಿದ್ದು ಬೇರೆ ಲೆಕ್ಕ. ಅದು ಸರ್ಕಾರದ ಮಾತು, ಸರ್ಕಾರ ಯಾವ ಧರ್ಮವನ್ನೂ ಹೇರಬಾರದು ಎನ್ನುತ್ತದೆ ಸಂವಿಧಾನ. ಖಾಸಗಿ ಸ್ಕೂಲಾದರೆ ಈ ನಿಯಮ ನಡೆಯುವುದಿಲ್ಲ.

ಪಾಠವನ್ನೂ ಪ್ರಾರ್ಥನೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಇತಿಹಾಸದ ಪಾಠದಲ್ಲಿ ಕ್ರೈಸ್ತ ಧರ್ಮದ ಬಗ್ಗೆ ಹೇಳಿದರೆ ತಪ್ಪಿಲ್ಲ. ತರಗತಿಯಲ್ಲಿ ಪ್ರಾರ್ಥನೆಯಂತೆ ಬೈಬಲ್ ಓದಿಸುವುದು ಬೇಡ ಎಂದ 1963ರ ಸುಪ್ರೀಂ ಕೋರ್ಟ್ ತೀರ್ಪೇ, ಧರ್ಮಗಳ ಬಗ್ಗೆ ಕಲಿಸಬಹುದು ಎಂದೂ ಹೇಳಿದೆ.

ಇನ್ನು ಪೋಸ್ಟರ್ ವಿಷಯ. ಕೆಂಟಕಿ ರಾಜ್ಯ ಪ್ರತಿ ತರಗತಿಯಲ್ಲೂ ಹತ್ತು ಆಜ್ಞೆಗಳನ್ನು ಹಾಕಿಸಿತ್ತು, 16 ಇಂಚು ಅಗಲ, 20 ಇಂಚು ಎತ್ತರ. ದುಡ್ಡು ಸರ್ಕಾರದ್ದಲ್ಲ, ದಾನಿಗಳದ್ದು. ಆದರೂ 1980ರಲ್ಲಿ ಸ್ಟೋನ್ ವಿರುದ್ಧ ಗ್ರಹಾಂ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಎಂದಿತು. "ಯಾರೋ ಸುಮ್ನೆ ಕೊಟ್ಟಿದ್ದು, ಹಾಕಿದ್ವಿ" ಅಂತ ಪ್ರಿನ್ಸಿಪಾಲ್ ಹೇಳಿದರೆ ನೆನಪಿಡಬೇಕಾದ ತೀರ್ಪು ಇದು. ಆದರೆ 2022ರಲ್ಲಿ ಫುಟ್‌ಬಾಲ್ ಕೋಚ್ ಒಬ್ಬರ ಪ್ರಾರ್ಥನೆಯ ಕೇಸಿನಲ್ಲಿ ಕೋರ್ಟ್ ಹಳೆಯ ಅಳತೆಗೋಲನ್ನು (ಸರ್ಕಾರದ ಕೆಲಸಕ್ಕೆ ಧರ್ಮ ಬಿಟ್ಟು ಬೇರೆ ಉದ್ದೇಶ ಇದೆಯಾ ಎಂಬಂಥ ಪ್ರಶ್ನೆಗಳನ್ನು) ಬಿಟ್ಟು, ಇತಿಹಾಸ ಮತ್ತು ಪರಂಪರೆ ನೋಡುತ್ತೇವೆ ಎಂದಿತು. ಸ್ಟೋನ್ ತೀರ್ಪು ನಿಂತಿದ್ದು ಆ ಹಳೆಯ ಅಳತೆಗೋಲಿನ ಮೇಲೆ. ಅದಕ್ಕೇ ಲೂಯಿಸಿಯಾನಾ 2024ರಲ್ಲಿ, ಟೆಕ್ಸಾಸ್ 2025ರಲ್ಲಿ ಮತ್ತೆ ಇಂಥದ್ದೇ ಕಾನೂನು ತಂದವು. ಎರಡರ ಮೇಲೂ ಕೇಸ್ ಬಿತ್ತು. ಟೆಕ್ಸಾಸಿನಲ್ಲಿ ಕೋರ್ಟಿಗೆ ಹೋದ ಕುಟುಂಬಗಳಲ್ಲಿ ಯಹೂದಿಗಳು, ಕ್ರೈಸ್ತರು, ಹಿಂದೂಗಳು, ಯಾವ ಧರ್ಮವನ್ನೂ ನಂಬದವರು ಎಲ್ಲರೂ ಇದ್ದರು. ಇಂಥ ಕೇಸುಗಳಲ್ಲಿ ಒಂದು ಕೋರ್ಟ್ ಹೇಳಿದ್ದನ್ನು ಇನ್ನೊಂದು ಕೋರ್ಟ್ ತಿರುಗಿಸುತ್ತದೆ. ಹಾಗಾಗಿ ಪತ್ರ ಬರೆಯುವ ದಿನವೇ ನಿಮ್ಮ ರಾಜ್ಯದ ಸ್ಥಿತಿ ನೋಡಿಕೊಳ್ಳಿ. ಹಳೆಯ ವಾಟ್ಸಾಪ್ ಫಾರ್ವರ್ಡ್ ನಂಬಿ ಹೋಗಬೇಡಿ.

ಈಗ ಕೆಲಸಕ್ಕೆ ಬರೋಣ. ಪೋಸ್ಟರಿನ ಫೋಟೋ ಬೇಕು, ಆದರೆ ಬೇರೆ ಮಕ್ಕಳ ಮುಖ ಅದರಲ್ಲಿ ಬೀಳಬಾರದು. ಮಗುವಿನ ಕೈಯಲ್ಲಿ ತೆಗೆಸಬೇಡಿ, ಪೇರೆಂಟ್ ಟೀಚರ್ ಮೀಟಿಂಗಿಗೆ ಹೋದಾಗ ಕೇಳಿ ನೀವೇ ತೆಗೆಯಿರಿ. ತಾರೀಖು, ರೂಮ್ ನಂಬರ್, ಅದು ಎಲ್ಲಿದೆ, ಮಗುವಿನ ಸೀಟಿನಿಂದ ಕಾಣುತ್ತಾ, ಎಲ್ಲ ಬರೆದಿಡಿ. ನಿಮ್ಮ ಭಾಗದ ಪಬ್ಲಿಕ್ ಸ್ಕೂಲುಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಧರ್ಮದ ಬಗ್ಗೆ ಏನು ನಿಯಮವಿದೆ ಎಂದು ಹುಡುಕಿ. ಆಮೇಲೆ ಟೀಚರನ್ನು ಒಂದೇ ಮಾತು ಕೇಳಿ: "ಇದನ್ನು ಹಾಕಿ ಅಂತ ಹೇಳಿದ್ದು ಯಾರು?" ದನಿ ಮೆತ್ತಗಿರಲಿ. ಎಷ್ಟೋ ಸಲ ಅವರಿಗೂ ಅದು ಇಷ್ಟವಿರುವುದಿಲ್ಲ, ಬಾಯಿಬಿಟ್ಟು ಹೇಳಲಾಗದೆ ಇರುತ್ತಾರೆ.

ಪ್ರಿನ್ಸಿಪಾಲಿಗೆ ಬರೆಯುವ ಮೇಲ್ ಅರ್ಧ ಪುಟ ದಾಟಬಾರದು. ನನ್ನ ಎರಡನೇ ಮೇಲಿನಲ್ಲಿ ಇದ್ದದ್ದು ಇಷ್ಟೇ. ಇಂಥ ದಿನ, ಇಂಥ ರೂಮಿನಲ್ಲಿ ಈ ಪೋಸ್ಟರ್ ನೋಡಿದೆ. ನಮ್ಮ ಮಗಳು ಅದನ್ನು ಓದಿ, ಮನೆಯ ಪೂಜೆ ತಪ್ಪಾ ಎಂದು ಕೇಳಿದಳು. ಯಾವ ನಿಯಮದ ಮೇಲೆ ಹಾಕಿದ್ದೀರಿ ತಿಳಿಸಿ. ತೆಗೆಯಬೇಕು ಎಂದು ಕೇಳಿಕೊಳ್ಳುತ್ತೇವೆ. ಹತ್ತು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಕ್ರೈಸ್ತ ಧರ್ಮದ ಬಗ್ಗೆ ಒಂದು ಕೆಟ್ಟ ಪದವೂ ಅದರಲ್ಲಿ ಇರಲಿಲ್ಲ, ಇರಲೂಬಾರದು. ಮಗು ಕೇಳಿದ ಮಾತನ್ನು ಮಾತ್ರ ಇದ್ದ ಹಾಗೇ ಬರೆಯಿರಿ, ಯಾವ ತೀರ್ಪಿಗಿಂತಲೂ ಅದು ಓದುವವರಿಗೆ ಬೇಗ ನಾಟುತ್ತದೆ.

ನಮ್ಮವರು ಆಗಾಗ ಇನ್ನೊಂದು ದಾರಿ ಹೇಳುತ್ತಾರೆ: "ಅವರದ್ದು ಇರಲಿ ಬಿಡಿ, ಪಕ್ಕದಲ್ಲಿ ನಮ್ಮ ಸರಸ್ವತಿ ಫೋಟೋನೂ ಹಾಕಿಸೋಣ." ಕೇಳಲು ಚೆನ್ನಾಗಿದೆ. ನಾನು ಒಪ್ಪುವುದಿಲ್ಲ. ಆಗ ಯಾರ ದೇವರು ಎಷ್ಟು ದೊಡ್ಡದಾಗಿ, ಎಷ್ಟು ಎತ್ತರದಲ್ಲಿ ಅಂತ ತೀರ್ಮಾನಿಸುವುದು ಜಾಸ್ತಿ ಜನ ಇರುವವರೇ ಅಲ್ವಾ? ಆ ಕ್ಲಾಸಿನಲ್ಲಿ ಒಬ್ಬನೇ ಜೈನ ಹುಡುಗ ಇದ್ದರೆ, ದೇವರನ್ನೇ ನಂಬದ ಮನೆಯ ಹುಡುಗಿ ಇದ್ದರೆ ಅವರ ಪರವಾಗಿ ಯಾರು ಕೇಳುತ್ತಾರೆ? ದೀಪಾವಳಿ ದಿನ ಸ್ಕೂಲಿನಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ಆರತಿ ಎತ್ತಿಸಿದರೆ ಅದೂ ಅಷ್ಟೇ ತಪ್ಪು. ಹಣತೆ ತೋರಿಸಿ, ಕಥೆ ಹೇಳಿ, ಅಲ್ಲಿಗೆ ನಿಲ್ಲಿಸಿ.

ಒಬ್ಬರೇ ಹೋಗಬೇಡಿ, ಜೊತೆ ಹುಡುಕಿ. ಟೆಕ್ಸಾಸಿನ ಸಾಂಟಾ ಫೆಯಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಮೈಕಿನಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯ ವಿರುದ್ಧ ಹೋಗಿ 2000ದಲ್ಲಿ ಗೆದ್ದದ್ದು ಒಂದು ಕ್ಯಾಥೊಲಿಕ್ ಮನೆ, ಒಂದು ಮಾರ್ಮನ್ ಮನೆ, ಎರಡೂ ಕ್ರಿಸ್ತನನ್ನು ನಂಬುವ ಮನೆಗಳೇ. ಅವರು ಹೆಸರು ಹೇಳದೆ ಕೇಸ್ ನಡೆಸಲು ಕೋರ್ಟ್ ಬಿಟ್ಟಿತ್ತು. ಹತ್ತು ಆಜ್ಞೆಗಳ ಒಕ್ಕಣೆಯೂ ಯಹೂದಿಗಳಿಗೆ, ಕ್ಯಾಥೊಲಿಕರಿಗೆ, ಪ್ರಾಟೆಸ್ಟೆಂಟರಿಗೆ ಬೇರೆ ಬೇರೆ. ಗೋಡೆಗೆ ಹಾಕಿದ್ದು ಯಾರದ್ದು ಎಂದು ಅವರೂ ಕೇಳುತ್ತಾರೆ.

ಪ್ರಿನ್ಸಿಪಾಲ್ ಉತ್ತರ ಕೊಡದಿದ್ದರೆ ಅದೇ ಮೇಲನ್ನು ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟಿಗೆ ಕಳಿಸಿ. ಆಮೇಲೆ ಸ್ಕೂಲ್ ಬೋರ್ಡ್ ಸಭೆ. ಅಲ್ಲಿ ಮಾತಾಡಲು ಸಿಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ, ಹೆಸರು ಮೊದಲೇ ಬರೆಸಬೇಕು. ಬರೆದುಕೊಂಡು ಹೋಗಿ ಓದಿ. ಅದಕ್ಕೂ ಜಗ್ಗದಿದ್ದರೆ ನಾಗರಿಕರ ಹಕ್ಕುಗಳಿಗಾಗಿ ಹೋರಾಡುವ ಎಸಿಎಲ್‌ಯು, ಧರ್ಮ ಮತ್ತು ಸರ್ಕಾರ ಬೇರೆಯಾಗಿರಬೇಕು ಎನ್ನುವ ಅಮೆರಿಕನ್ಸ್ ಯುನೈಟೆಡ್ ಥರದ ಸಂಸ್ಥೆಗಳಿಗೆ ಬರೆಯಿರಿ, ಲೂಯಿಸಿಯಾನಾ ಮತ್ತು ಟೆಕ್ಸಾಸ್ ಕೇಸುಗಳಲ್ಲಿ ಪೋಷಕರ ಪರ ನಿಂತವರು ಇವರೇ. ವೀಸಾದಲ್ಲಿರುವ ನಮಗೇಕೆ ಈ ಉಸಾಬರಿ ಅಂತ ಹೆದರುವವರು ಬಹಳ. ಆ ಹೆದರಿಕೆ ನನಗೂ ಇತ್ತು. ಆದರೆ ಸ್ಕೂಲಿನಲ್ಲಿ ಮಗುವಿಗಿರುವ ಧರ್ಮದ ಸ್ವಾತಂತ್ರ್ಯ ಪಾಸ್‌ಪೋರ್ಟ್ ನೋಡಿ ಕೊಟ್ಟದ್ದಲ್ಲ. ಮುಂದೆ ನಿಲ್ಲುವುದು ಕಷ್ಟವಾದರೆ ಪ್ರಜೆಯಾಗಿರುವ ಇನ್ನೊಂದು ಮನೆಯವರು ಪತ್ರಕ್ಕೆ ಸಹಿ ಹಾಕಲಿ, ನೀವು ಫೋಟೋ ಮತ್ತು ಟಿಪ್ಪಣಿ ಕೊಡಿ.

ಇಷ್ಟೆಲ್ಲ ಆಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮಗುವಿನ ಪ್ರಶ್ನೆ ಅಲ್ಲಿಯವರೆಗೆ ಕಾಯುವುದಿಲ್ಲ. ಅವತ್ತೇ ಕೂತು ಮಾತಾಡಿ. "ಕೆಲವರ ಮನೆಯಲ್ಲಿ ಮೂರ್ತಿ ಇಡಲ್ಲ, ನಮ್ಮ ಮನೆಯಲ್ಲಿ ಇಡ್ತೀವಿ, ಇಬ್ಬರದ್ದೂ ತಪ್ಪಲ್ಲ" ಎಂದೆ. ಪ್ರಾರ್ಥನೆ ಮಾಡು ಅಂತ ಯಾರಾದರೂ ಹೇಳಿದರೆ ಸುಮ್ಮನೆ ಕೂತಿರಬಹುದು ಎಂದೂ ಹೇಳಿಕೊಟ್ಟೆ. 1943ರಲ್ಲೇ ಸುಪ್ರೀಂ ಕೋರ್ಟ್, ಧ್ವಜವಂದನೆಯನ್ನೂ ಮಕ್ಕಳ ಮೇಲೆ ಹೇರುವ ಹಾಗಿಲ್ಲ ಎಂದಿತ್ತು. ಕೂತಿದ್ದಕ್ಕೆ ಯಾರಾದರೂ ಗದರಿದರೆ ನನಗೆ ಹೇಳು ಎಂದೆ, ಈಗಲೂ ಪ್ರತಿ ಶುಕ್ರವಾರ ಸಂಜೆ ಒಂದು ಸಲ ಕೇಳುತ್ತೇನೆ.