ಬೆರಳು ಬೇಗ, ಬೆವರು ನಿಧಾನ

ವಿಪರೀತ ಆತಂಕ ಇರುವವರ ಗಮನ ಮೊದಲು ಎಲ್ಲಿಗೆ ಓಡುತ್ತದೆ ಅಂತ ನೋಡಲು ನಾನು ಬಳಸುವುದು ಡಾಟ್-ಪ್ರೋಬ್ ಪರೀಕ್ಷೆ. ಇದು 1986ರಿಂದ ಬಳಕೆಯಲ್ಲಿದೆ. ಪರದೆಯ ಮೇಲೆ ಎರಡು ಮುಖ: ಒಂದು ಸಿಟ್ಟಿನದು, ಇನ್ನೊಂದು ಯಾವ ಭಾವವೂ ಇಲ್ಲದ್ದು. ಅರ್ಧ ಸೆಕೆಂಡಿಗೆ ಎರಡೂ ಮಾಯ. ಒಂದರ ಜಾಗದಲ್ಲಿ ಚುಕ್ಕಿ ಬರುತ್ತದೆ, ಕಂಡ ಕೂಡಲೇ ಗುಂಡಿ ಒತ್ತಬೇಕು. ಸಿಟ್ಟಿನ ಮುಖವಿದ್ದ ಕಡೆ ಬೇಗ ಒತ್ತಿದರೆ, ಗಮನ ಮೊದಲೇ ಅಲ್ಲಿತ್ತು ಅಂತ ಲೆಕ್ಕ.

ಗುಂಡಿ ಒತ್ತದ ಕೈಯ ಎರಡು ಬೆರಳಿಗೆ ಎಲೆಕ್ಟ್ರೋಡ್ ಹಾಕುತ್ತೇನೆ. ಬೆವರಿದಷ್ಟೂ ಚರ್ಮದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ರೆಕಾರ್ಡಿನಲ್ಲಿ ಗೆರೆ ಮೇಲೇರುತ್ತದೆ. ತೊಡಕಿರುವುದು ಇಲ್ಲೇ. ಗುಂಡಿ ಒತ್ತುವುದು ಅರ್ಧ ಸೆಕೆಂಡಿನ ಕೆಲಸ. ಬೆವರಿನ ಗೆರೆ ಏಳಲು ಶುರುವಾಗುವುದೇ 1ರಿಂದ 3 ಸೆಕೆಂಡ್ ಆದಮೇಲೆ, ಇಳಿಯಲು ಇನ್ನೂ ಹೊತ್ತು ಬೇಕು. ಮುಖಗಳನ್ನು ಬೇಗಬೇಗ ತೋರಿಸುತ್ತಾ ಹೋದರೆ ಒಂದರ ಅಲೆ ಮೇಲೆ ಇನ್ನೊಂದು ಏರಿ, ಯಾವುದು ಯಾವ ಮುಖಕ್ಕೆ ಅಂತಲೇ ತಿಳಿಯಲ್ಲ. ಅದಕ್ಕೆ ಎರಡು ಸುತ್ತು ಮಾಡುತ್ತೇನೆ. ವೇಗದ ಸುತ್ತಿನಲ್ಲಿ ಗುಂಡಿಯ ಸಮಯ ಮತ್ತು ಎದೆಬಡಿತ. ನಿಧಾನದ ಸುತ್ತಿನಲ್ಲಿ ಒಂದೊಂದೇ ಮುಖ, ನಡುವೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬಿಡುವು. ಆಗ ಬೆವರು ನೋಡುತ್ತೇನೆ.

ಯಾರಾದರೂ ನಿಟ್ಟುಸಿರು ಬಿಟ್ಟರೆ ಗೆರೆ ಥಟ್ಟನೆ ಮೇಲಕ್ಕೆ ಹೋಗುತ್ತದೆ. ನೋಡಿದರೆ ಭಯದ ಅಲೆಯ ಹಾಗೇ ಇರುತ್ತದೆ! ಕೆಮ್ಮು, ಮಾತು, ಕೈ ಅಲುಗಾಟಕ್ಕೂ ಅಷ್ಟೇ. ಹಾಗಾಗಿ ನನ್ನ ಒಂದು ಕಣ್ಣು ಸದಾ ಅವರ ಭುಜದ ಮೇಲೆ. ಭುಜ ಎದ್ದರೆ ರೆಕಾರ್ಡಿನಲ್ಲಿ ಗುರುತು ಹಾಕಿಬಿಡುತ್ತೇನೆ.

ಮಾತ್ರೆಗಳ ವಿಷಯ ಮೊದಲೇ ಕೇಳಿಕೊಳ್ಳುತ್ತೇನೆ. ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್ ಥರದವು ಬೆವರನ್ನೇ ತಗ್ಗಿಸಬಹುದು. ಪ್ರೊಪ್ರನೊಲಾಲ್ ಎದೆಬಡಿತ ಇಳಿಸುತ್ತದೆ. ಗೆರೆ ಚಪ್ಪಟೆಯಾಗಿದೆ ಅಂದಮಾತ್ರಕ್ಕೆ ಅವರಿಗೆ ಏನೂ ಅನಿಸಲಿಲ್ಲ ಅಂತಲ್ಲ. ಪರೀಕ್ಷೆಗೋಸ್ಕರ ಮಾತ್ರೆ ನಿಲ್ಲಿಸಿ ಅಂತ ನಾನಂತೂ ಹೇಳಲ್ಲ, ಬರೆದಿಟ್ಟುಕೊಳ್ಳುತ್ತೇನೆ.

ಮುಗಿದ ಮೇಲೆ ಸಾಮಾನ್ಯವಾಗಿ ಒಂದು ಪ್ರಶ್ನೆ ಬರುತ್ತದೆ: "ನನಗೇನಾಗಿದೆ ಅಂತ ಇದರಲ್ಲಿ ಗೊತ್ತಾಯ್ತಾ?" ಇಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಡಾಟ್-ಪ್ರೋಬ್‌ನಲ್ಲಿ ಸಿಗುವ ವ್ಯತ್ಯಾಸ ಕೆಲವೇ ಮಿಲಿಸೆಕೆಂಡುಗಳದ್ದು. ಅದೇ ವ್ಯಕ್ತಿಗೆ ಮತ್ತೊಮ್ಮೆ ಮಾಡಿಸಿದರೆ ಅಂಕ ಬದಲಾಗಿಬಿಡುತ್ತದೆ. ಗುಂಪು ಗುಂಪನ್ನು ಹೋಲಿಸಲು ಅದು ಸರಿ, ಒಬ್ಬರ ಕಾಯಿಲೆ ಗುರುತಿಸಲು ಆಗಲ್ಲ. ಬೆವರಂತೂ ಮೈ ಎಷ್ಟು ಎಚ್ಚೆತ್ತಿದೆ ಅಂತಷ್ಟೇ ತೋರಿಸುತ್ತದೆ. ಅದು ಭಯಕ್ಕೋ ಖುಷಿಗೋ, ಅವರನ್ನೇ ಕೇಳಬೇಕು. ಅದಕ್ಕೇ ನಿಧಾನದ ಸುತ್ತು ಮುಗಿದ ಮೇಲೆ ಅದೇ ಮುಖಗಳನ್ನು ಮತ್ತೆ ತೋರಿಸಿ, ಪ್ರತಿಯೊಂದಕ್ಕೂ ಏನನಿಸಿತು ಅಂತ ಬರೆಸಿಕೊಳ್ಳುತ್ತೇನೆ.