ಎರಡೆಕರೆಯಲ್ಲಿ ಹಸು, ಮೇಕೆ, ಕೋಳಿ: ಮೇ ತಿಂಗಳ ಲೆಕ್ಕದಿಂದ ಶುರು ಮಾಡಿ

ಸೆಪ್ಟೆಂಬರ್‌ನಲ್ಲಿ ತೋಟಕ್ಕೆ ಬಂದು ನಿಂತರೆ ಯಾರಿಗಾದರೂ ನಾಲ್ಕು ಹಸು ಕಟ್ಟೋಣ ಅನ್ನಿಸುತ್ತದೆ. ಬದುವಿನ ಮೇಲೆ ಮೊಣಕಾಲುದ್ದ ಹುಲ್ಲು, ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ, ಬೋರ್‌ವೆಲ್‌ನಲ್ಲಿ ಎರಡಿಂಚು ನೀರು. ಅದೇ ತೋಟಕ್ಕೆ ಮೇ ತಿಂಗಳ ಮಧ್ಯಾಹ್ನ ಬನ್ನಿ. ಬದು ಬೋಳು, ಬೋರ್‌ವೆಲ್ ಅರ್ಧ ಗಂಟೆ ಓಡಿ ಗಾಳಿ ಕಕ್ಕುತ್ತದೆ, ಊರಲ್ಲಿ ಒಂದು ಹೊರೆ ಸೊಪ್ಪೆ (ಜೋಳದ ಒಣ ದಂಟು) ಕೇಳಿದರೆ ಜನ ಮುಖ ನೋಡುತ್ತಾರೆ. ನಮ್ಮ ಕಡೆ ಪ್ರಾಣಿ ಸಾಕಬೇಕು ಅನ್ನುವವರು ಲೆಕ್ಕ ಹಾಕಬೇಕಾದದ್ದು ಈ ಎರಡನೇ ತೋಟ ನೋಡಿ. ಮೇ ತಿಂಗಳಲ್ಲಿ ಎಷ್ಟು ಸಾಕಬಹುದೋ ಅಷ್ಟೇ ನಿಮ್ಮ ಸಂಖ್ಯೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರ ಎರಡು ಎಕರೆ. ನಾನು ಕೆಲಸಕ್ಕೆ ದಾವಣಗೆರೆಗೆ ಹೋಗಿ ಬರುತ್ತೇನೆ, ಹಾಗಾಗಿ ಪ್ರಾಣಿಗಳಿಗೆ ನನ್ನಿಂದ ಸಿಗೋದು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಉಳಿದದ್ದು ಅವ್ವನ ಕಣ್ಣು. ಈಗ ಒಂದು ಹಸು, ಅದರ ಕರು, ಐದು ಮೇಕೆ, ಇಪ್ಪತ್ತರ ಆಸುಪಾಸು ನಾಟಿ ಕೋಳಿ ಇವೆ. ಮೊದಲು ಇದರ ಎರಡರಷ್ಟಿತ್ತು. ಬೇಸಿಗೆಯಲ್ಲಿ ಮೇವಿಲ್ಲದೆ ಅರ್ಧ ರೇಟಿಗೆ ಮಾರಿದ್ದೂ ಆಯಿತು. ಹೊಲಕ್ಕೆ ಕುರಿ ಮಂದೆ ಹಾಕಿಸಿದಾಗ ಚಳ್ಳಕೆರೆ ಕಡೆಯ ಕುರಿಗಾಹಿ ಅಜ್ಜ ಒಬ್ಬರು ನನ್ನ ಕೊಟ್ಟಿಗೆ ನೋಡಿ, "ತಮ್ಮಾ, ಎಷ್ಟು ಹುಲ್ಲೈತೋ ಅಷ್ಟು ಹಲ್ಲು ಇಟ್ಕಾ" ಅಂದಿದ್ದರು. ಆಗ ನಕ್ಕು ಸುಮ್ಮನಾಗಿದ್ದೆ.

ಲೆಕ್ಕ ಕಷ್ಟದ್ದೇನಲ್ಲ. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 15ರಿಂದ 20 ಕಿಲೋ ಹಸಿ ಮೇವು, ಐದಾರು ಕಿಲೋ ಒಣ ಮೇವು ಬೇಕು. ಫೆಬ್ರವರಿಯಿಂದ ಮೇ ಮುಗಿಯುವವರೆಗೆ 120 ದಿನ ಹಿಡಿಯಿರಿ. ಒಣ ಮೇವೇ 600ರಿಂದ 720 ಕಿಲೋ ಆಯಿತು, ಅದೂ ಒಂದೇ ಹಸುವಿಗೆ. ಕುಡಿಯೋಕೆ ದಿನಕ್ಕೆ 50-60 ಲೀಟರ್ ನೀರು, ಬಿಸಿಲು ಏರಿದರೆ ಇನ್ನೂ ಜಾಸ್ತಿ. ಮೇಕೆಗೆ ದಿನಕ್ಕೆ ಮೂರು ನಾಲ್ಕು ಕಿಲೋ ಸೊಪ್ಪು, ಜೊತೆಗೆ ಒಂದು ಹಿಡಿ ಶೇಂಗಾ ಬಳ್ಳಿಯೋ ತೊಗರಿ ಹೊಟ್ಟೋ ಸಿಕ್ಕರೆ ಸಾಕು. ಒಂದು ಹಸುವಿನ ಮೇವಿನಲ್ಲಿ ಐದು ಮೇಕೆ ಆರಾಮಾಗಿ ಬದುಕುತ್ತವೆ. ಹಾಗಾಗಿ ಹೊಸದಾಗಿ ಶುರು ಮಾಡುವವರು ಮೊದಲ ವರ್ಷ ಕೋಳಿ, ಎರಡನೇ ವರ್ಷ ಮೇಕೆ, ಇವೆರಡೂ ಕೈಗೆ ಹತ್ತಿದ ಮೇಲೆ ಹಸು ತರಲಿ ಅಂತ ನಾನು ಹೇಳುತ್ತೇನೆ. ಎಲ್ಲರೂ ಮಾಡೋದು ಇದರ ಉಲ್ಟಾ, ಗೃಹಪ್ರವೇಶದ ದಿನವೇ ಹಸು ತಂದು ಕಟ್ಟುತ್ತಾರೆ.

ಮೇವನ್ನು ಪ್ರಾಣಿಗಿಂತ ಆರು ತಿಂಗಳು ಮೊದಲು ಹಾಕಿ. ನೀರಿರುವ ಕಡೆ ಐದಾರು ಗುಂಟೆಗೆ ನೇಪಿಯರ್ ಕಡ್ಡಿ ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಂದು. ಬೇಲಿ ಉದ್ದಕ್ಕೂ ಅಗಸೆ ಮರ, ನುಗ್ಗೆ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಸುಬಾಬುಲ್ ಹಾಕಿ. ಮರ ಬೇರಿಳಿಸಿಕೊಂಡರೆ ಬೇಸಿಗೆಯಲ್ಲಿ ಮೇಕೆಗೆ ಅದೇ ಆಧಾರ. ಸುಬಾಬುಲ್ ಒಂದನ್ನೇ ತಿನ್ನಿಸಬೇಡಿ, ಕೂದಲು ಉದುರುತ್ತದೆ. ಒಟ್ಟು ಮೇವಿನಲ್ಲಿ ಮೂರರಲ್ಲೊಂದು ಪಾಲು ಮೀರದಿರಲಿ.

ಇನ್ನು ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೇನು ಬರ. ಕಾಳಿನಲ್ಲಿ ಇನ್ನೂ ಹಾಲು ಇದ್ದು, ಗಟ್ಟಿಯಾಗಲು ಶುರುವಾಗಿರುವಾಗ ಗಿಡ ಸಮೇತ ಕೊಯ್ದು, ಒಂದಿಂಚಿಗೆ ಕತ್ತರಿಸಿ, 200 ಲೀಟರಿನ ನೀಲಿ ಡ್ರಮ್ಮಿಗೆ ತುಂಬಿ, ಒಳಗಿಳಿದು ಕಾಲಲ್ಲಿ ತುಳಿದು ತುಳಿದು ಗಾಳಿ ತೆಗೆದು ಮುಚ್ಚಳ ಬಿಗಿದರೆ ಸುಮಾರು 45 ದಿನಕ್ಕೆ ರಸಮೇವು (ಸೈಲೇಜ್) ರೆಡಿ. ತೆಗೆದಾಗ ಹುಳಿ ಹುಳಿ ವಾಸನೆ, ಹಳದಿ ಮಿಶ್ರ ಹಸಿರು ಬಣ್ಣ ಇದ್ದರೆ ಸರಿಯಾಗಿದೆ. ಕಪ್ಪಾಗಿದ್ದರೆ, ಬೂಸ್ಟು ಹಿಡಿದಿದ್ದರೆ ತಿಪ್ಪೆಗೆ ಹಾಕಿ, ಅಷ್ಟು ಕೆಲಸ ಮಾಡಿದ್ದೆ ಅಂತ ಹೊಟ್ಟೆ ಉರಿದರೂ ಹಸುವಿಗೆ ಹಾಕಬೇಡಿ. ಸೊಪ್ಪೆಯನ್ನೂ ಅಷ್ಟೇ, ಹಾಗೇ ಎಸೆದರೆ ಹಸು ಎಲೆ ತಿಂದು ದಂಟು ತುಳಿಯುತ್ತದೆ. ಕತ್ತರಿಸಿ ಗೋದಲಿಗೆ ಹಾಕಿದರೆ ಬಣವೆ ಇನ್ನೂ ಒಂದು ತಿಂಗಳು ಬರುತ್ತದೆ.

ಕೋಳಿಗೆ ಬರೋಣ. ನಾಟಿ ಕೋಳಿಯಾ ಗಿರಿರಾಜನಾ ಅಂತ ಎಲ್ಲರೂ ಕೇಳುತ್ತಾರೆ. ಗಿರಿರಾಜ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ. ಬೇಗ ತೂಕ ಬರುತ್ತದೆ, ಮೊಟ್ಟೆಯೂ ಜಾಸ್ತಿ. ಆದರೆ ಕಾವಿಗೆ ಕೂರುವ ಬುದ್ಧಿ ಅದಕ್ಕಿಲ್ಲ, ಮೈ ಭಾರ ಬೇರೆ, ನಾಯಿ ಬಂದರೆ ಹಾರಿ ತಪ್ಪಿಸಿಕೊಳ್ಳಲಾರದು. ನಾಟಿ ಹೇಂಟೆ ವರ್ಷಕ್ಕೆ 60-70 ಮೊಟ್ಟೆ ಇಟ್ಟರೆ ಹೆಚ್ಚು, ಆದರೆ ತಾನೇ ಕಾವು ಕೊಟ್ಟು, ಮರಿ ಮಾಡಿ, ಹದ್ದು ಬಂದರೆ ರೆಕ್ಕೆಯಡಿ ಮುಚ್ಚಿಕೊಂಡು ಸಾಕುತ್ತದೆ. ಮನೆಮಟ್ಟಿಗೆ ಸಾಕುವವರಿಗೆ ನನ್ನ ಓಟು ನಾಟಿಗೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇರಲಿ. ಕಾವಿಗೆ ಹತ್ತು ಹನ್ನೆರಡು ಮೊಟ್ಟೆ, ಎಲ್ಲವೂ ಒಂದು ವಾರದೊಳಗಿನವು. 21 ದಿನಕ್ಕೆ ಮರಿ. ಏಳನೇ ದಿನ ರಾತ್ರಿ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿ, ಒಳಗೆ ಜೇಡರ ಬಲೆಯಂತೆ ಕೆಂಪು ನರ ಕಂಡರೆ ಜೀವ ಇದೆ, ಬರೀ ತಿಳಿಯಾಗಿದ್ದರೆ ತೆಗೆದುಬಿಡಿ. ಏಪ್ರಿಲ್-ಮೇನಲ್ಲಿ ಕಾವಿಗೆ ಇಡಲೇಬೇಡಿ, ಬಿಸಿಲಿಗೆ ಅರ್ಧ ಮೊಟ್ಟೆ ಕೆಡುತ್ತವೆ.

ರಾತ್ರಿ ಗೂಡು ಭದ್ರವಾಗಿರಲಿ, ಅಷ್ಟೇ ಮುಖ್ಯ. ಮುಂಗುಸಿ, ಕಾಡುಬೆಕ್ಕು, ಹಾವು ಮೂರೂ ಬರುತ್ತವೆ. ದೊಡ್ಡ ಕಣ್ಣಿನ ಮೆಶ್ ಸುಮ್ನೆ ದಂಡ, ಅರ್ಧ ಇಂಚಿನದು ಹಾಕಿ, ಬುಡದಲ್ಲಿ ಒಂದಡಿ ಮಣ್ಣಿನೊಳಕ್ಕೆ ಹೂತುಬಿಡಿ.

ಕೋಳಿಯಲ್ಲಿ ನಿಜವಾದ ಶತ್ರು ಕೊಕ್ಕರೆ ರೋಗ (ರಾಣಿಖೇತ್). ಹಸಿರು ಮಿಶ್ರಿತ ಬಿಳಿ ಹಿಕ್ಕೆ, ತೂಕಡಿಕೆ, ಕತ್ತು ತಿರುಚುವುದು, ಅಷ್ಟರಲ್ಲಿ ಗೂಡೇ ಖಾಲಿ. ಬಂದ ಮೇಲೆ ಔಷಧ ಇಲ್ಲ. ಮರಿಗೆ ಐದರಿಂದ ಏಳನೇ ದಿನದೊಳಗೆ ಲಸೋಟಾ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರಕ್ಕೆ ಇನ್ನೊಮ್ಮೆ, ಎಂಟನೇ ವಾರಕ್ಕೆ ಆರ್‌2ಬಿ ಇಂಜೆಕ್ಷನ್. ತೊಂದರೆ ಏನೆಂದರೆ ಲಸಿಕೆ ಬರೋದು ನೂರು, ಇನ್ನೂರು ಕೋಳಿಗಾಗುವ ಬಾಟಲಿಯಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ನಾವು ಓಣಿಯ ಏಳೆಂಟು ಮನೆಯವರು ದುಡ್ಡು ಸೇರಿಸಿ ಒಂದು ಬಾಟಲಿ ತರುತ್ತೇವೆ. ಟೀ ಫ್ಲಾಸ್ಕಿನಲ್ಲಿ ಐಸ್ ತುಂಬಿ ಅದರಲ್ಲಿಟ್ಟು ತರೋದು, ಸಂಜೆ ಹೊತ್ತು ಮನೆಯಿಂದ ಮನೆಗೆ ಹೋಗಿ ಹನಿ ಹಾಕೋದು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ತಂದ ಲಸಿಕೆ ಬರೀ ನೀರು.

ಮೇಕೆ ಒಂದನ್ನೇ ತರಬೇಡಿ, ಹಗಲೂ ರಾತ್ರಿ ಅರಚಿ ಅರಚಿ ನಿಮ್ಮ ನಿದ್ದೆ ಕೆಡಿಸುತ್ತದೆ. ಎರಡೋ ಮೂರೋ ಹೆಣ್ಣು ತನ್ನಿ, ಹೋತ ಬೇಡ. ಬೆದೆಗೆ ಬಂದಾಗ ಊರಲ್ಲಿ ಯಾರದಾದರೂ ಒಳ್ಳೆ ಹೋತದ ಹತ್ತಿರ ಕರೆದುಕೊಂಡು ಹೋಗಿ. ಗಬ್ಬ ಐದು ತಿಂಗಳು. ಇಲ್ಲೂ ಮೇ ಲೆಕ್ಕ ಬರುತ್ತದೆ: ಡಿಸೆಂಬರ್‌ನಲ್ಲಿ ಕೊಡಿಸಿದರೆ ಮರಿ ಬೀಳೋದು ಮೇ ತಿಂಗಳಿಗೆ, ತಾಯಿ ಹಾಲಿಲ್ಲದೆ ಒಣಗಿರುತ್ತದೆ. ಮೇ ಕೊನೆ, ಜೂನ್‌ನಲ್ಲಿ ಕೊಡಿಸಿದರೆ ಅಕ್ಟೋಬರ್-ನವೆಂಬರ್‌ಗೆ ಮರಿ, ಆಗ ಸೊಪ್ಪಿಗೇನೂ ಕಮ್ಮಿ ಇಲ್ಲ. ಮೊಬೈಲಲ್ಲಿ ವಿಡಿಯೋ ನೋಡಿ ಲಕ್ಷಗಟ್ಟಲೆ ಹಾಕಿ ಅಟ್ಟಣಿಗೆ ಕೊಟ್ಟಿಗೆ ಕಟ್ಟಿಸುವವರಿದ್ದಾರೆ. ನಮ್ಮ ಒಣ ಸೀಮೆಯಲ್ಲಿ ಐದು ಮೇಕೆಗೆ ಅದು ಯಾಕೆ? ನೀರು ನಿಲ್ಲದ ಎತ್ತರದ ಮಣ್ಣಿನ ನೆಲ, ಒಂದಕ್ಕೆ ಹತ್ತು ಹನ್ನೆರಡು ಚದರಡಿ ಜಾಗ, ಮೇಲೊಂದು ಸೂರು ಸಾಕು. ತಗಡು ಹಾಕಿದ್ದರೆ ಬೇಸಿಗೆಗೆ ಅದರ ಮೇಲೆ ತೆಂಗಿನ ಗರಿ ಹಾಸಿ. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡದಂಚಿನವರು ಮಾತ್ರ ನಾಲ್ಕೂ ಕಡೆ ಗಟ್ಟಿ ಬಾಗಿಲು-ಜಾಲರಿ ಮಾಡಿಸಿ, ಅಲ್ಲಿ ಚಿರತೆ ಓಡಾಡುತ್ತದೆ. ಸೊಪ್ಪನ್ನು ನೆಲಕ್ಕೆ ಹಾಕಬೇಡಿ, ಕಟ್ಟಿ ನೇತುಹಾಕಿ. ಮೇಕೆ ತುಳಿದ ಸೊಪ್ಪನ್ನು ಮೂಸಿಯೂ ನೋಡುವುದಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನವೆಂಬರ್ ತಿಂಗಳು, ಪಕ್ಕದ ಕಣದಲ್ಲಿ ಮೆಕ್ಕೆಜೋಳ ಒಕ್ಕಿ ಒಣಹಾಕಿದ್ದರು. ನಾನು ಹಗ್ಗ ಸರಿಯಾಗಿ ಕಟ್ಟಿರಲಿಲ್ಲ. ದೊಡ್ಡ ಮೇಕೆ, ಎರಡು ಸಲ ಅವಳಿ ಹಾಕಿದ್ದು, ಬಿಚ್ಚಿಕೊಂಡು ಹೋಗಿ ರಾತ್ರಿಯೆಲ್ಲ ಕಾಳು ತಿಂದಿದೆ. ಬೆಳಿಗ್ಗೆ ನೋಡಿದರೆ ಗೋಡೆಗೆ ತಲೆ ಕೊಟ್ಟು ನಿಂತಿತ್ತು. ಮೆಲುಕು ಇಲ್ಲ. ಕಟಕಟ ಹಲ್ಲು ಕಡಿಯುವ ಸದ್ದು. ಎಡಹೊಟ್ಟೆ ಒತ್ತಿದರೆ ಹಸಿ ಕಣಕ ಒತ್ತಿದ ಹಾಗೆ ಬೆರಳಚ್ಚು ಹಾಗೇ ಉಳಿಯುತ್ತಿತ್ತು. ನಾನು ಉಬ್ಬರ ಅಂದುಕೊಂಡು ಎಣ್ಣೆ ಕುಡಿಸಿ ಕೆಲಸಕ್ಕೆ ಹೋದೆ. ಗಾಳಿ ತುಂಬಿದ ಉಬ್ಬರಕ್ಕೆ ಎಣ್ಣೆ ಸರಿ. ಅಲ್ಲಿ ಡೊಳ್ಳು ಬಾರಿಸಿದ ಹಾಗೆ ಸದ್ದು ಬರುತ್ತದೆ. ಇದು ಕಾಳು ಹುಳಿತು ಹೊಟ್ಟೆಯೆಲ್ಲ ಆಸಿಡ್ ಆಗಿರೋದು, ಇದಕ್ಕೆ ಬೇಕಾದ್ದು ಅಡುಗೆ ಸೋಡಾ ನೀರು ಮತ್ತು ತಡಮಾಡದೆ ಡಾಕ್ಟರ್. ಸಂಜೆ ಬರುವಷ್ಟರಲ್ಲಿ ಮಲಗಿಬಿಟ್ಟಿತ್ತು, ಮರುದಿನ ಹೋಯಿತು. ಅವ್ವ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಹಾಗಾಗಿ ಮೆಕ್ಕೆಜೋಳ, ಅಕ್ಕಿ, ರಾಗಿ ಹಿಟ್ಟು ಇರುವ ಕೋಣೆಗೆ ಚಿಲಕ ಇರಲಿ. ಹಬ್ಬ, ಮದುವೆಯಲ್ಲಿ ಉಳಿದ ಅನ್ನ, ಮುದ್ದೆಯನ್ನು ಪುಣ್ಯ ಬರುತ್ತೆ ಅಂತ ಬುಟ್ಟಿಗಟ್ಟಲೆ ಹಸುವಿಗೆ ಸುರಿಯುವುದೂ ಇದೇ ಕೇಸು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ ವಿಷ, ಒಂದು ಬಾಯಿಯೂ ತಿನ್ನಿಸಬೇಡಿ. ಪೂಜೆಗೆ ಹೂ ಬೇಕು ಅಂತ ಗೇಟಿನ ಪಕ್ಕ ಕಣಗಿಲೆ ಹಾಕಿದ್ದರೆ ಕಿತ್ತುಬಿಡಿ, ಅದೂ ವಿಷ.

ಹಸುವಿನ ಬಗ್ಗೆ ಕಮ್ಮಿ ಹೇಳುತ್ತೇನೆ, ಯಾಕೆಂದರೆ ಪ್ರತಿ ಮನೆಯಲ್ಲೂ ಒಬ್ಬರು ತಿಳಿದವರಿರುತ್ತಾರೆ. ನಮ್ಮ ಸುತ್ತ ಅಮೃತಮಹಲ್ ತಳಿ ದನ ಮೇಯುವ ಕಾವಲುಗಳಿವೆ, ಆ ದನಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದು ದುಡಿಮೆಯ ತಳಿ, ಹಾಲು ಕರುವಿಗೆ ಆಗಿ ಉಳಿದು ನಿಮಗೆ ಒಂದು ಲೋಟ ಸಿಕ್ಕರೆ ಭಾಗ್ಯ. ಇಪ್ಪತ್ತು ಲೀಟರಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ನಮ್ಮ ಬಿಸಿಲಿಗೆ ಬಾಯಿ ತೆರೆದು ತೇಕುತ್ತದೆ. ಏಳೆಂಟು ಲೀಟರಿನ ಜೆರ್ಸಿ ಮಿಶ್ರತಳಿ ಮನೆಗೂ ಆಯಿತು, ಡೈರಿಗೂ ಆಯಿತು. ಮೈಗೆ ಅಂತ ಒಂದು ಒಂದೂವರೆ ಕಿಲೋ ಹಿಂಡಿ-ಬೂಸಾ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿ. ತಪ್ಪಿದರೆ ಇನ್ನು 21 ದಿನ ಕಾಯಬೇಕು. ಹಾಲು ಕರೆದ ಕೂಡಲೇ ಗೋದಲಿಗೆ ಮೇವು ಹಾಕಿ, ಅರ್ಧ ಗಂಟೆ ನಿಂತೇ ತಿನ್ನಲಿ. ಮೊಲೆತೊಟ್ಟಿನ ರಂಧ್ರ ತಕ್ಷಣ ಮುಚ್ಚುವುದಿಲ್ಲ, ಸಗಣಿ ಮೇಲೆ ಮಲಗಿದರೆ ಕೆಚ್ಚಲು ಬಾವು ಗ್ಯಾರಂಟಿ. ಕರು ಹಾಕಿದಾಗ ಓಣಿಯವರೆಲ್ಲ ಗಿಣ್ಣಕ್ಕೆ ಪಾತ್ರೆ ಹಿಡಿದು ಬರುತ್ತಾರೆ. ಮೊದಲ ಎರಡು ಗಂಟೆಯೊಳಗೆ ಕರು ಹೊಟ್ಟೆ ತುಂಬ ಕುಡಿಯಲಿ, ಆಮೇಲೆ ನೆಂಟಸ್ತಿಕೆ. ಗಂಡು ಕರು ಹುಟ್ಟಿದರೆ ಏನು ಮಾಡುತ್ತೀರಿ ಅನ್ನೋದನ್ನು ಹಸು ತರುವ ಮೊದಲೇ ಮನೆಯವರ ಹತ್ತಿರ ಮಾತಾಡಿಕೊಳ್ಳಿ, ಮೊದಲಿನ ಹಾಗೆ ಮಾರಾಟ ಈಗ ಸುಲಭ ಇಲ್ಲ.

ಲಸಿಕೆ ವಿಷಯದಲ್ಲಿ ಪಶು ಆಸ್ಪತ್ರೆಯವರ ಫೋನ್ ನಂಬರ್ ಇಟ್ಟುಕೊಂಡು ನೀವೇ ಹಿಂದೆ ಬೀಳಿ. ಹಸುವಿಗೆ ಕಾಲುಬಾಯಿ ಬೇನೆ ಲಸಿಕೆ ವರ್ಷಕ್ಕೆರಡು ಸಲ, ಚರ್ಮಗಂಟು ರೋಗದ್ದು ಒಂದು. 2022ರಲ್ಲಿ ಚರ್ಮಗಂಟು ಬಂದಾಗಿನ ಪಾಡು ನೋಡಿದವರಿಗೆ ಹೇಳೋದೇ ಬೇಡ. ಮೇಕೆಗೆ ಪಿಪಿಆರ್ (ಮೇಕೆ ಪ್ಲೇಗ್) ಲಸಿಕೆ, ಮಳೆಗಾಲಕ್ಕೆ ಮೊದಲು ಕರುಳು ಬೇನೆಯದು. ಜಂತಿನ ಔಷಧ ಮಳೆಗೆ ಮೊದಲೊಮ್ಮೆ, ಆಮೇಲೊಮ್ಮೆ, ತೂಕ ನೋಡಿ. ಗಬ್ಬದ ಮೇಕೆಗೆ ಯಾವುದು ಅಂತ ಡಾಕ್ಟರನ್ನು ಕೇಳದೆ ಕುಡಿಸಬೇಡಿ, ಕೆಲವು ಔಷಧಕ್ಕೆ ಕಂದು ಬೀಳುತ್ತದೆ. ಸಂತೆಯಿಂದ ತಂದ ಪ್ರಾಣಿಯನ್ನು ಮೂರು ವಾರ ಬೇರೆ ಕಟ್ಟಿ. ತುರ್ತಿಗೆ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಆಂಬುಲೆನ್ಸ್ ಸಿಗುತ್ತದೆ.

ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ವರ್ಷ ಹೋತ, ಹುಂಜಕ್ಕೆ ನೀವು ಹೇಳಿದ್ದೇ ರೇಟು. ಆದರೆ ಅದನ್ನು ನಂಬಿ ಸಾಲ ಮಾಡಬೇಡಿ. ಮನೆಮಟ್ಟಿನ ಸಾಕಣೆಯಲ್ಲಿ ಗ್ಯಾರಂಟಿ ಲಾಭ ಅಂದರೆ ಗೊಬ್ಬರ, ನಮ್ಮ ತೆಂಗು, ನಿಂಬೆಗೆ ಹೊರಗಿನಿಂದ ಒಂದು ಟ್ರ್ಯಾಕ್ಟರ್ ಗೊಬ್ಬರ ತರಿಸಿಲ್ಲ.

ಕೊನೆಗೆ ಯಾರೂ ಕೇಳದ ಪ್ರಶ್ನೆ. ಮನೆಮಂದಿಯೆಲ್ಲ ಮೂರು ದಿನ ಮದುವೆಗೆ ಹೋದರೆ ಹಾಲು ಕರೆಯೋದು ಯಾರು? ಕೋಳಿಯನ್ನು ಯಾರಾದರೂ ನೋಡಿಕೊಂಡಾರು, ಹಸು ಹಾಗಲ್ಲ, ಗುರುತಿನ ಕೈ ಅಲ್ಲದಿದ್ದರೆ ಒದೆಯುತ್ತದೆ. ಪಕ್ಕದ ತೋಟದ ಅಕ್ಕನಿಗೆ ನಾವು ತಿಂಗಳಿಗೆ ನಾಲ್ಕು ದಿನ ಸುಮ್ನೆ ಹಾಲು ಕರೆಯೋಕೆ ಬಿಡುತ್ತೇವೆ, ಹಸುವಿಗೆ ಅವರ ಕೈ ಅಭ್ಯಾಸ ಆಗಲಿ ಅಂತ. ಆ ದಿನದ ಹಾಲು ಅವರದ್ದೇ. ಅವರು ಊರಿಗೆ ಹೋದಾಗ ಅವರ ಎರಡು ಎಮ್ಮೆಗೆ ನಾನು. ಎಮ್ಮೆ ಇನ್ನೂ ನನ್ನನ್ನು ಒಪ್ಪಿಲ್ಲ.