ಬೆಂಗಳೂರು ಬಿಡದೆ ಸ್ಪ್ಯಾನಿಷ್: ಕಿವಿ ಪಳಗಿಸುವ ಕ್ರಮ

ಸ್ಪ್ಯಾನಿಷ್ ಕಲಿಯಲು ಹೊರಟ ಬಹಳ ಮಂದಿ ಒಂದೇ ಕಡೆ ಎಡವುತ್ತಾರೆ. ರಾತ್ರಿ ಊಟದ ಹೊತ್ತಿಗೆ ಸ್ಪ್ಯಾನಿಷ್ ಧಾರಾವಾಹಿ ಹಾಕಿಕೊಂಡು ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾರೆ. ಬೆಳಿಗ್ಗೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಸ್ಪ್ಯಾನಿಷ್ ರೇಡಿಯೊ ಕೇಳುತ್ತಾರೆ. ಆರು ತಿಂಗಳಾದರೂ ‘ಓಲಾ’, ‘ಗ್ರಾಸಿಯಾಸ್’ ದಾಟಿ ಮುಂದೆ ಹೋಗಿರುವುದಿಲ್ಲ. ಅರ್ಥವಾಗದ ಮಾತನ್ನು ಎಷ್ಟು ಗಂಟೆ ಕೇಳಿದರೂ ಅದು ಬರೀ ಸದ್ದು. ಕೇಳಿದ್ದರಲ್ಲಿ ಬಹುಪಾಲು ಅರ್ಥವಾಗಬೇಕು, ಸ್ವಲ್ಪ ಮಾತ್ರ ಹೊಸದಿರಬೇಕು. ಆಗಲೇ ಭಾಷೆ ಒಳಗಿಳಿಯುತ್ತದೆ. ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಿಂದಲೂ ಒತ್ತಿ ಹೇಳುತ್ತಿರುವುದು ಇದನ್ನೇ. ಅಂಥ ವಾತಾವರಣವನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ದಿನಕ್ಕೆ ಒಂದು ಗಂಟೆ ಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗದು.

ಮೊದಲು: ಒಂದು ದೇಶ ಆರಿಸಿ

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಉಚ್ಚಾರ, ಸರ್ವನಾಮ ಎರಡೂ ಊರಿಂದೂರಿಗೆ ಬದಲಾಗುತ್ತವೆ. ಮೊದಲ ವರ್ಷ ಒಂದೇ ದೇಶಕ್ಕೆ ಅಂಟಿಕೊಳ್ಳಿ. ಮೆಕ್ಸಿಕೊ ಆರಿಸಿ ಎಂಬುದು ಖಚಿತ ಸಲಹೆ. ಸ್ಪೇನ್‌ನ ಬಹುಭಾಗದಲ್ಲಿ ನಾಲಿಗೆಯನ್ನು ಹಲ್ಲಿನ ನಡುವೆ ತಂದು ನುಡಿಯುವ ಸದ್ದು ಅಲ್ಲಿ ಸರಳವಾಗಿ ‘ಸ’ ಆಗುತ್ತದೆ. ಅರ್ಜೆಂಟೀನಾದಲ್ಲಿ ‘ನೀನು’ ಎನ್ನಲು ಬಳಸುವ ‘ಬೋಸ್’ ಎಂಬ ಸರ್ವನಾಮವನ್ನೂ ಅದಕ್ಕೆ ತಕ್ಕ ಕ್ರಿಯಾರೂಪಗಳನ್ನೂ ಆಮೇಲೆ ಕಲಿತರಾಯಿತು.

ಎರಡನೆಯದು: ಇಂಗ್ಲಿಷ್ ಬಿಡಿ, ಕನ್ನಡದಿಂದ ಹೋಗಿ

ಕನ್ನಡಿಗರಿಗೆ ಇಲ್ಲಿ ಅರ್ಧ ದಾರಿ ಸಲೀಸು. ಆದರೂ ಇಂಗ್ಲಿಷಿನ ಮೂಲಕ ಸುತ್ತಿ ಹೋಗಿ ಕಷ್ಟಪಡುವವರೇ ಜಾಸ್ತಿ. ‘ಟಾಕೊ’ ಅಲ್ಲ, ‘ತಾಕೊ’. ಸ್ಪ್ಯಾನಿಷ್‌ನ ತ, ದ ನಮ್ಮ ತ, ದಗಳಂತೆ ಹಲ್ಲಿಗೆ ತಾಗಿ ಹುಟ್ಟುತ್ತವೆ. ಪ, ತ, ಕಗಳಿಗೆ ಉಸಿರಿನ ಒತ್ತಿಲ್ಲ. ಸ್ವರಗಳು ಐದೇ. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ: ಎರಡನೆಯದರಲ್ಲಿ ನಾಲಿಗೆ ಚೆನ್ನಾಗಿ ಕಂಪಿಸಬೇಕು.

ವಾಕ್ಯರಚನೆಯಲ್ಲೂ ಹಾಗೆಯೇ. ‘ಮೆ ಗುಸ್ತಾ ಎಲ್ ಕಾಫೆ’ ನೇರವಾಗಿ ‘ನನಗೆ ಕಾಫಿ ಇಷ್ಟ’. ಇಂಗ್ಲಿಷಿನ ದಾರಿಯಲ್ಲಿ ಹೋದವರು ‘ನಾನು’ ಎಂದು ಶುರುಮಾಡಿ ಸಿಕ್ಕಿಕೊಳ್ಳುತ್ತಾರೆ. ಇಷ್ಟವಾದದ್ದು ಬಹುವಚನವಾದರೆ ಕ್ರಿಯಾಪದವೂ ಬದಲಾಗುತ್ತದೆ: ‘ಮೆ ಗುಸ್ತಾನ್ ಲಾಸ್ ದೋಸಾಸ್’. ನಾವು ‘ಬರ್ತೀನಿ’ ಎಂದು ‘ನಾನು’ ಬಿಟ್ಟು ಹೇಳುವಂತೆ ಅವರೂ ಹೇಳುತ್ತಾರೆ. ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಆದರೆ ‘ಉಸ್ತೆದ್’ ಜೊತೆ ಬರುವುದು ‘ಅವನು/ಅವಳು’ ಪದಗಳ ಕ್ರಿಯಾರೂಪ. ಇದನ್ನು ಮೊದಲ ವಾರವೇ ಬಾಯಿಗೆ ರೂಢಿ ಮಾಡಿಸಿ.

ನಮಗೆ ನಿಜಕ್ಕೂ ತೊಡಕಾಗುವುದು ವಸ್ತುಗಳ ಲಿಂಗ. ನಮ್ಮಲ್ಲಿ ಮೇಜು ನಪುಂಸಕ, ಅಲ್ಲಿ ಸ್ತ್ರೀಲಿಂಗ. ಹಾಗಾಗಿ ‘ಮೆಸಾ’ ಎಂದು ಒಂಟಿ ಪದ ಬರೆದುಕೊಳ್ಳಬೇಡಿ, ‘ಲಾ ಮೆಸಾ’ ಎಂದೇ ಬರೆಯಿರಿ.

ಮೂರನೆಯದು: ಒಂದು ನಿಮಿಷದ ಆಲಿಕೆ

ಎಲ್ಲರೂ ಕೈಬಿಡುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಪೂರ್ತಿ ಸ್ಪ್ಯಾನಿಷ್ ಪಠ್ಯ ಜೊತೆಗಿರುವ ಆಡಿಯೊ ಬೇಕು. ಯಂತ್ರ ತಾನಾಗಿ ಹಾಕುವ ಸಬ್‌ಟೈಟಲ್ ಬೇಡ. ಮಾತು ಓಡುವ ಜಾಗದಲ್ಲೇ ಅದು ತಪ್ಪುತ್ತದೆ, ನಿಮಗೆ ನೆರವು ಬೇಕಿರುವುದೂ ಅಲ್ಲೇ. ಹೊಸಬರಿಗೆ ‘ಡ್ರೀಮಿಂಗ್ ಸ್ಪ್ಯಾನಿಷ್’ ವಿಡಿಯೊಗಳು ಹಂತಹಂತವಾಗಿ ಸಿಗುತ್ತವೆ. ‘ರೇಡಿಯೊ ಆಂಬುಲಾಂತೆ’ ಪಾಡ್‌ಕಾಸ್ಟ್ ಪೂರ್ತಿ ಪಠ್ಯ ಕೊಡುತ್ತದೆ, ಆದರೆ ಅದು ಮೊದಲ ಆರು ತಿಂಗಳಿಗಲ್ಲ.

ಆರಿಸಿದ ಆಡಿಯೊದಿಂದ ಅರವತ್ತು ಸೆಕೆಂಡ್ ಮಾತ್ರ ತೆಗೆದುಕೊಳ್ಳಿ. ಪಠ್ಯ ನೋಡದೆ ಮೂರು ಸಲ ಕೇಳಿ. ಮೊದಲ ಸಲ ವಿಷಯ ಏನೆಂದು ಹಿಡಿಯಿರಿ. ಎರಡು, ಮೂರನೇ ಸಲ ಕೇಳಿಸಿದ್ದನ್ನು ಬರೆಯಿರಿ, ಕನ್ನಡ ಲಿಪಿಯಲ್ಲಾದರೂ ಅಡ್ಡಿಯಿಲ್ಲ. ಸಿಗದ ಕಡೆ ಜಾಗ ಬಿಡಿ, ಊಹಿಸಿ ತುಂಬಬೇಡಿ. ಆಮೇಲೆ ಪಠ್ಯ ತೆರೆದು ಹೋಲಿಸಿ. ಪದವೇ ಗೊತ್ತಿರದೆ ತಪ್ಪಿದ್ದಕ್ಕೆ ಒಂದು ಗುರುತು, ಗೊತ್ತಿರುವ ಪದ ಕಿವಿಗೆ ಸಿಗದೆ ತಪ್ಪಿದ್ದಕ್ಕೆ ಇನ್ನೊಂದು ಗುರುತು ಹಾಕಿ. ಜನ ಮೊದಲ ಬಗೆಗೆ ನಿಘಂಟು ತೆಗೆದು ಅಲ್ಲಿಗೇ ಮುಗಿಸುತ್ತಾರೆ. ಕಿವಿ ಪಳಗುವುದು ಎರಡನೇ ಬಗೆಯಿಂದ.

ಒಂದು ಉದಾಹರಣೆ ನೋಡಿ. ‘ಇವತ್ತು ಮಧ್ಯಾಹ್ನ ಏನು ಮಾಡ್ತೀಯ?’ ಎಂಬುದಕ್ಕೆ ಪುಸ್ತಕದಲ್ಲಿ ‘ಕೆ ಬಾಸ್ ಆ ಆಸೆರ್ ಎಸ್ತಾ ತಾರ್ದೆ’ ಎಂದು ಆರು ಪದ ಬಿಡಿಬಿಡಿಯಾಗಿರುತ್ತದೆ. ಬಾಯಲ್ಲಿ ಬರುವುದು ‘ಕೆಬಾಸಾಸೆರೆಸ್ತಾತಾರ್ದೆ’. ‘ಬಾಸ್’ ಕೊನೆಯ ಸಕಾರ ಮುಂದಿನ ‘ಆ’ ಜೊತೆ ಸೇರಿತು, ಎರಡು ‘ಆ’ ಒಂದಾದವು, ‘ಆಸೆರ್’ ಕೊನೆಯ ರೇಫ ‘ಎಸ್ತಾ’ಕ್ಕೆ ಅಂಟಿತು. ಶಾಲೆಯಲ್ಲಿ ‘ಮಾತು ಇಲ್ಲ’ ಸೇರಿ ‘ಮಾತಿಲ್ಲ’ ಆಗುವ ಲೋಪಸಂಧಿ ಓದಿದವರಿಗೆ ಇದು ಹೊಸದೇನಲ್ಲ. ಪ್ರತಿ ತಪ್ಪಿನ ಪಕ್ಕದಲ್ಲಿ ಯಾವುದು ಯಾವುದಕ್ಕೆ ಅಂಟಿತೆಂದು ಬರೆಯಿರಿ. ಇಪ್ಪತ್ತು ದಿನ ಹೀಗೆ ಬರೆದರೆ ಅದೇ ಏಳೆಂಟು ಜೋಡಣೆಗಳು ಮತ್ತೆ ಮತ್ತೆ ಬರುವುದು ಕಾಣುತ್ತದೆ.

ತಪ್ಪಿದ ವಾಕ್ಯವನ್ನು 0.75 ವೇಗದಲ್ಲಿ ಐದು ಸಲ ಕೇಳಿ. ಅದಕ್ಕಿಂತ ನಿಧಾನ ಮಾಡಿದರೆ ಸದ್ದು ಎಳೆದಂತಾಗಿ ಕೂಡಿಕೆ ಕಾಣುವುದಿಲ್ಲ. ಮತ್ತೆ ಮಾಮೂಲಿ ವೇಗಕ್ಕೆ ಬಂದು ಮಾತಾಡುವವರ ಜೊತೆಜೊತೆಗೇ ಹೇಳಿ. ಕೊನೆಗೆ ಪಠ್ಯ ಮುಚ್ಚಿ ಒಂದು ಸಲ, ಮಾರನೇ ಬೆಳಿಗ್ಗೆ ಒಂದು ಸಲ ಕೇಳಿ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ನೂರು ಪದಗಳಲ್ಲಿ ಹತ್ತಕ್ಕಿಂತ ಹೆಚ್ಚು ಹೊಸದಿದ್ದರೆ ಆ ಆಡಿಯೊ ಬಿಟ್ಟು ಸುಲಭದ್ದು ಹುಡುಕಿ. ಹಟ ಹಿಡಿದು ಕೂತರೆ ವಾರದೊಳಗೆ ಬೇಸರ ಬಂದು ನಿಂತುಹೋಗುತ್ತದೆ.

ಹೀಗೆ ಮುಗಿಸಿದ ತುಣುಕುಗಳನ್ನು ಫೋನಿನಲ್ಲಿ ಒಂದೆಡೆ ಸೇರಿಸಿಡಿ. ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಹೋಗುವ ಮೆಟ್ರೊದಲ್ಲಿ ಕೇಳಬೇಕಾದ್ದು ಅವನ್ನೇ. ಹೊಸದನ್ನು ಗದ್ದಲದಲ್ಲಿ ಕೇಳಬೇಡಿ.

ನಾಲ್ಕನೆಯದು: ಅಡುಗೆಮನೆ, ಫೋನು, ರಸ್ತೆ

ಫ್ರಿಡ್ಜಿಗೆ, ಬಾಗಿಲಿಗೆ ಚೀಟಿ ಅಂಟಿಸುವುದು ದಂಡ. ವಾರ ಕಳೆದರೆ ಕಣ್ಣು ಅದನ್ನು ಗಮನಿಸುವುದೇ ಇಲ್ಲ. ಬದಲಿಗೆ ಕೆಲಸ ಮಾಡುತ್ತಲೇ ಮೂರು ಕಾಲದಲ್ಲಿ ಮಾತಾಡಿ. ಈರುಳ್ಳಿ ಹೆಚ್ಚುವ ಮುಂಚೆ ‘ಬೋಯ್ ಆ ಕೊರ್ತಾರ್ ಲಾ ಸೆಬೋಯಾ’, ಹೆಚ್ಚುವಾಗ ‘ಎಸ್ತೋಯ್ ಕೊರ್ತಾಂದೊ ಲಾ ಸೆಬೋಯಾ’, ಹೆಚ್ಚಿದ ಮೇಲೆ ‘ಯಾ ಕೊರ್ತೆ ಲಾ ಸೆಬೋಯಾ’. ದಿನಕ್ಕೆ ನಾಲ್ಕು ಕೆಲಸಕ್ಕೆ ಹೀಗೆ ಹೇಳಿದರೆ ಹನ್ನೆರಡು ಪೂರ್ಣ ವಾಕ್ಯ ಆಯಿತು. ಬಾಯಿ ಬಿಟ್ಟು ಹೇಳಬೇಕು, ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ.

ಇಡೀ ಫೋನಿನ ಭಾಷೆ ಬದಲಿಸಬೇಡಿ, ಹಣ ಕಳಿಸುವಾಗ ಬೇರೆ ಬಟನ್ ಒತ್ತಿಬಿಟ್ಟೀರಿ. ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಲ್ಲಿ ಆ್ಯಪ್‌ಗೊಂದು ಭಾಷೆ ಹಾಕಬಹುದು. ನಕ್ಷೆಯ ಆ್ಯಪನ್ನು ಸ್ಪ್ಯಾನಿಷ್‌ಗೆ ಬದಲಿಸಿ. ಎಡಕ್ಕೆ ತಿರುಗಿ ಎನ್ನುವ ‘ಹಿರೆ ಆ ಲಾ ಇಸ್ಕಿಯೆರ್ದಾ’ ಜಯನಗರ ಮುಟ್ಟುವಷ್ಟರಲ್ಲಿ ಹತ್ತು ಸಲ ಕೇಳಿಸಿರುತ್ತದೆ. ಅದು ‘ಉಸ್ತೆದ್’ ರೂಪದ ಆಜ್ಞಾರ್ಥಕ, ಪುಟಗಟ್ಟಲೆ ಬಾಯಿಪಾಠ ಮಾಡುವುದು ತಪ್ಪುತ್ತದೆ.

ಪದಗಳಿಗೆ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್ ಸಾಕು. ಆಲಿಕೆಯಲ್ಲಿ ಸಿಕ್ಕ ಪದವನ್ನು ಅದೇ ವಾಕ್ಯದೊಂದಿಗೆ ಹಾಕಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಹೊಸ ಕಾರ್ಡ್ ಬೇಡ, ಹಳೆಯವು ರಾಶಿ ಬಿದ್ದರೆ ಎರಡೂ ಕೈತಪ್ಪುತ್ತವೆ. ‘30 ದಿನಗಳಲ್ಲಿ ಸ್ಪ್ಯಾನಿಷ್’ ಬಗೆಯ ಪುಸ್ತಕಗಳಿಗೂ, ನಿದ್ದೆಯಲ್ಲಿ ಕೇಳಿಸಿಕೊಳ್ಳಿ ಎನ್ನುವ ಆಡಿಯೊಗಳಿಗೂ ದುಡ್ಡು ಹಾಕಬೇಡಿ.

ಐದನೆಯದು: ಮನುಷ್ಯರ ಜೊತೆ ಮಾತು

ಮೂರನೇ ತಿಂಗಳಿಂದ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ. ಟ್ಯಾಂಡೆಮ್, ಹಲೋಟಾಕ್ ಆ್ಯಪ್‌ಗಳಲ್ಲಿ ಭಾಷಾ ವಿನಿಮಯಕ್ಕೆ ಜನ ಸಿಗುತ್ತಾರೆ, ಐಟಾಕಿ ಜಾಲತಾಣದಲ್ಲಿ ದುಡ್ಡು ಕೊಟ್ಟರೆ ಶಿಕ್ಷಕರು. ಮೆಕ್ಸಿಕೊ ಸಿಟಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದಿದೆ. ನಮ್ಮ ಬೆಳಗಿನ 7 ಗಂಟೆಗೆ ಅಲ್ಲಿ ಹಿಂದಿನ ಸಂಜೆ 7.30, ಇಬ್ಬರಿಗೂ ಬಿಡುವು. ಸ್ಪೇನ್‌ನವರಾದರೆ ನಮ್ಮ ಸಂಜೆ ಒಳ್ಳೆಯದು: ಅಂತರ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ.

ಮಾತಿನ ನಡುವೆ ತಿದ್ದಬೇಡಿ, ತಪ್ಪನ್ನು ಚಾಟ್‌ನಲ್ಲಿ ಬರೆದುಹಾಕಿ ಎಂದು ಮೊದಲೇ ಹೇಳಿಬಿಡಿ. ಪ್ರತಿ ಪದಕ್ಕೂ ತಡೆದರೆ ಬಾಯಿ ಬಿಚ್ಚುವುದೇ ಇಲ್ಲ. ಮಾತು ಮುಗಿದ ಮೇಲೆ ಆ ತಿದ್ದುಪಡಿಗಳಲ್ಲಿ ಮೂರನ್ನು ಆರಿಸಿ, ಮಾರನೇ ದಿನ ಅಡುಗೆಮನೆಯಲ್ಲಿ ಬಳಸಿ.

ಕೆಲಸಕ್ಕೆ ಪ್ರಮಾಣಪತ್ರ ಬೇಕಿದ್ದವರು ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆ ಬರೆಯಬಹುದು. ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ, ಪ್ರಮಾಣಪತ್ರಕ್ಕೆ ವಾಯಿದೆ ಇಲ್ಲ. ನಡೆಸುವುದು ಸ್ಪೇನ್ ಸರ್ಕಾರದ ಭಾಷಾ-ಸಂಸ್ಕೃತಿ ಸಂಸ್ಥೆ ಇನ್‌ಸ್ತಿತುತೊ ಸೆರ್ಬಾಂತೆಸ್, ಅದರ ಭಾರತದ ಕೇಂದ್ರ ದೆಹಲಿಯಲ್ಲಿದೆ. ಎ1, ಎ2 ಪರೀಕ್ಷೆಗೆ ದುಡ್ಡು ಖರ್ಚು ಮಾಡಬೇಡಿ, ನೇರ ಬಿ1ಕ್ಕೆ ಕಟ್ಟಿ. ಅದರ ಆಲಿಕೆ ವಿಭಾಗಕ್ಕೆ ಬೇಕಾದ ತಯಾರಿ ಮೇಲಿನ ಒಂದು ನಿಮಿಷದ ಅಭ್ಯಾಸದಲ್ಲೇ ಇದೆ.